ಇಪ್ಪತ್ತೆಂಟನೇ ತಾರೀಕಿನ ಪಟ್ಟಿ

ಅದೇ ಬಾಡಿಗೆ ಮನೆ, ನಡುಕೋಣೆಯ ಮೇಜು
ಡಿಸೆಂಬರ್ ೩೦, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡು ಎಂದು ಡಾಕ್ಟರು ಹೇಳಿದ್ದನ್ನು ನೀನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿರುತ್ತೀಯ, ನನಗೆ ಗೊತ್ತು. ಭಾವನ ಕೆಮ್ಮು ಹೇಗಿದೆ? ಪುಟಾಣಿಯ ಮುಂದಿನ ಹಲ್ಲು ಎರಡೂ ಬಿದ್ದ ಫೋಟೋ ಕಳಿಸಿದ್ದೆಯಲ್ಲ, ಅದನ್ನು ನಮ್ಮ ಕನ್ನಡಕದ ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ. ಅಂಗಡಿಯ ಯಜಮಾನರು ಕನ್ನಡಕ ಹಣೆಗೇರಿಸಿಕೊಂಡು ನೋಡಿ, "ಇವನು ನಕ್ಕರೆ ಒಳಗಿನ ಕಿರುನಾಲಿಗೆವರೆಗೂ ಕಾಣುತ್ತಲ್ಲಮ್ಮಾ" ಎಂದರು. ನಾನು ಚೆನ್ನಾಗಿದ್ದೇನೆ. ಗಾಜು ಉಜ್ಜುವ ಯಂತ್ರದ ಮುಂದೆ ಕೂತು ಬಲಗೈ ಹೆಬ್ಬೆರಳಿನ ಚರ್ಮ ದಪ್ಪಗಾಗಿದೆ, ಅದೊಂದು ಬಿಟ್ಟರೆ ಮೈಕೈ ಎಲ್ಲ ಸರಿಯಾಗಿದೆ. ಅಪ್ಪನ ವಿಷಯ ನೀನು ಕೇಳುವುದಿಲ್ಲ, ನಾನು ಹೇಳುವುದಿಲ್ಲ. ಏಳು ವರ್ಷದಿಂದ ನಮ್ಮಿಬ್ಬರ ಮಾತುಕತೆ ಹೀಗೆಯೇ ನಡೆದಿದೆ.

ಈ ಸಲ ಹೇಳಲೇಬೇಕಾಗಿದೆ. ಫೋನ್ ಮಾಡಬಹುದಿತ್ತು. ಆದರೆ ಈ ಮನೆಯಲ್ಲಿ ಎಲ್ಲಿ ನಿಂತು ಮಾತಾಡಿದರೂ ಅಪ್ಪನಿಗೆ ಕೇಳುತ್ತದೆ. ಅದೂ ಅಲ್ಲದೆ ಅವರ ಹೆಸರೆತ್ತಿದ ತಕ್ಷಣ ನಿನಗೆ ಒಲೆಯ ಮೇಲೆ ಇಟ್ಟಿದ್ದೇನೋ ನೆನಪಾಗಿ ಫೋನ್ ಇಟ್ಟುಬಿಡುತ್ತೀಯ. ಕಾಗದ ಹಾಗಲ್ಲ. ಅರ್ಧಕ್ಕೆ ಮಡಿಸಿಟ್ಟರೂ ಉಳಿದದ್ದು ಒಳಗೇ ಇರುತ್ತದೆ, ಯಾವತ್ತೋ ಒಂದು ದಿನ ಓದುತ್ತೀಯ. ಸಾಧ್ಯವಾದರೆ ಇವತ್ತೇ ಓದು.

ನಿಮ್ಮ ಊರಿನ ಕಣ್ಣಾಸ್ಪತ್ರೆಯ ಕೆಲಸಕ್ಕೆ ಅರ್ಜಿ ಹಾಕಿದ್ದೇನೆ ಎಂದು ಹೇಳಿದ್ದೆನಲ್ಲ, ಅದು ಸಿಕ್ಕಿತು. ಕನ್ನಡಕದ ವಿಭಾಗದಲ್ಲಿ ಗಾಜು ಕತ್ತರಿಸುವವರು ಆರು ಜನರಿದ್ದಾರೆ, ಅವರ ಮೇಲ್ವಿಚಾರಣೆ ನನ್ನದು. ಇರುವುದಕ್ಕೆ ಆಸ್ಪತ್ರೆಯ ಹಿಂದೆಯೇ ಒಂದು ಕೋಣೆ. ಮೂವತ್ತೊಂದು ವರ್ಷಕ್ಕೆ ಮೊದಲ ಸಲ ನನ್ನ ಹೆಸರಿನಲ್ಲಿ ಒಂದು ಬಾಗಿಲು. ನಿನಗೆ ಆಗಲೇ ಹೇಳಲಿಲ್ಲ, ಬೈಬೇಡ. ಯಾಕೆ ಹೇಳಲಿಲ್ಲವೆಂದರೆ, ಕೆಲಸಕ್ಕೆ ಹಾಜರಾಗಬೇಕಾದ ದಿನಾಂಕವನ್ನು ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದರು: ಡಿಸೆಂಬರ್ ಇಪ್ಪತ್ತೆಂಟು, ಮಧ್ಯಾಹ್ನ ಎರಡರೊಳಗೆ, ಖುದ್ದಾಗಿ. ವರ್ಷಕ್ಕೆ ಮುನ್ನೂರ ಅರವತ್ತೈದು ದಿನಗಳಿವೆ, ಅವರಿಗೆ ಸಿಕ್ಕಿದ್ದು ಅದೊಂದೇ. ಓದಿ ಅಂಗಡಿಯಲ್ಲೇ ನಗು ಬಂತು. ಆಮೇಲೆ ಹಿಂದಿನ ಕೋಣೆಗೆ ಹೋಗಿ ಯಂತ್ರ ಓಡಲು ಬಿಟ್ಟು ಅತ್ತೆ, ಸದ್ದು ಕೇಳಿಸಬಾರದೆಂದು.

ಇಪ್ಪತ್ತೆಂಟನೇ ತಾರೀಕು ನಮ್ಮ ಮನೆ ಹೇಗಿರುತ್ತದೆ ಎಂದು ನಿನಗೆ ಗೊತ್ತು ಅಂದುಕೊಂಡಿರುತ್ತೀಯ. ಇಲ್ಲ ಅಕ್ಕಾ. ನೀನು ಕೆಲಸಕ್ಕೆ ಸೇರಿದ ಮೇಲೆ ಡಿಸೆಂಬರ್ ಕೊನೆಗೆ ಬರುವುದನ್ನೇ ಬಿಟ್ಟೆ. ಆಮೇಲೆ ಅದು ವರ್ಷ ವರ್ಷವೂ ಬೆಳೆದಿದೆ. ಮೊದಲು ಬಾಗಿಲು ಹಾಕಿಕೊಂಡು ಒಳಗಿದ್ದರೆ ಸಾಕಿತ್ತು. ಈಗ ಇಪ್ಪತ್ತೇಳರ ಸಂಜೆಯೇ ಅಪ್ಪ ಮುಂಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಒಳಜೇಬಿಗೆ ಸೇರಿಸುತ್ತಾರೆ. ಗ್ಯಾಸ್ ಆಫ್, ಬೆಂಕಿಯ ಭಯ. ಇಡೀ ದಿನ ತಣ್ಣಗಿನ ಬ್ರೆಡ್ಡು, ಹಾಲು, ಬಾಳೆಹಣ್ಣು. ಬಚ್ಚಲಲ್ಲಿ ಜಾರುತ್ತದೆಂದು ಸ್ನಾನ ಇಲ್ಲ. ಸ್ಟೂಲ್ ಹತ್ತುವಂತಿಲ್ಲ, ಕತ್ತರಿ ಮುಟ್ಟುವಂತಿಲ್ಲ. ಗೋಡೆಯ ಗಡಿಯಾರವನ್ನು ಕೂಡ ಇಳಿಸಿ ನೆಲದ ಮೇಲಿಡುತ್ತಾರೆ, ತಲೆಯ ಮೇಲೆ ಬೀಳದಿರಲಿ ಎಂದು. ಅಮ್ಮ ಇದ್ದಾಗ ಮೂವರು, ಅಮ್ಮ ಹೋದ ಮೇಲೆ ಈ ನಾಲ್ಕು ವರ್ಷ ನಾವಿಬ್ಬರೇ, ನಡುಕೋಣೆಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಕೂತವರಂತೆ ಕೂತಿರುತ್ತೇವೆ. ಬರುವ ಬಸ್ಸು ಒಂದೇ, ಇಪ್ಪತ್ತೊಂಬತ್ತನೇ ತಾರೀಕು.

ಅವರ ತೊಡೆಯ ಮೇಲೆ ಆ ಉದ್ದನೆಯ ರಿಜಿಸ್ಟರ್ ಇರುತ್ತದೆ. ಅದನ್ನು ನೀನು ನೋಡಿದ್ದೀಯ, "ಹುಚ್ಚಿನ ಪುಸ್ತಕ" ಎಂದು ಹೆಸರಿಟ್ಟವಳೂ ನೀನೇ. ಗ್ರಂಥಪಾಲಕರಾಗಿ ಹಳೆಯ ಪತ್ರಿಕೆಗಳ ಕೋಣೆಯಲ್ಲಿ ವರ್ಷಗಟ್ಟಲೆ ಕೂತ ಮನುಷ್ಯ, ಹುಡುಕುವುದು ಅವರ ಕೈಗೆ ಅಂಟಿಕೊಂಡ ವಿದ್ಯೆ. ಡಿಸೆಂಬರ್ ಇಪ್ಪತ್ತೆಂಟರಂದು ಲೋಕದಲ್ಲಿ ಎಲ್ಲೆಲ್ಲಿ ಏನೇನು ಕೆಟ್ಟದ್ದಾಗಿದೆ ಎಂಬುದನ್ನೆಲ್ಲ ಅದರಲ್ಲಿ ಗುಂಡಗಿನ ಅಕ್ಷರದಲ್ಲಿ ಬರೆದಿದ್ದಾರೆ. ಸಾವಿರದ ಎಂಟುನೂರ ಎಪ್ಪತ್ತೊಂಬತ್ತರಲ್ಲಿ ಸ್ಕಾಟ್ಲೆಂಡಿನ ಟೇ ನದಿಯ ಸೇತುವೆ ಬಿರುಗಾಳಿಗೆ ಕುಸಿದು, ಮೇಲಿದ್ದ ರೈಲು ಪ್ರಯಾಣಿಕರ ಸಮೇತ ನೀರು ಪಾಲಾದದ್ದು. ಸಾವಿರದ ಒಂಬೈನೂರ ಎಂಟರಲ್ಲಿ ಇಟಲಿಯ ಮೆಸ್ಸಿನಾ ಭೂಕಂಪದಲ್ಲಿ ನೆಲಸಮವಾದದ್ದು, ಬೆಳಗಿನ ಜಾವ, ಜನ ಮಲಗಿದ್ದಲ್ಲೇ. ಹೀಗೆ ಪುಟಗಟ್ಟಲೆ. ಆ ಸಾಲಿನಲ್ಲಿ ಇಪ್ಪತ್ತೆರಡು ವರ್ಷದ ಹಿಂದಿನದಾಗಿ ನಮ್ಮ ಅಣ್ಣನ ಹೆಸರೂ ಇದೆ. ಹದಿನೇಳು ವರ್ಷ, ಸೈಕಲ್, ಮರದ ಡಿಪೋ ತಿರುವು, ಹಿಂದಕ್ಕೆ ಬರುತ್ತಿದ್ದ ಲಾರಿ. ಅಷ್ಟೇ ಬರೆದಿದ್ದಾರೆ. ಭೂಕಂಪಕ್ಕೆ ಅರ್ಧ ಪುಟ, ಮಗನಿಗೆ ಒಂದೇ ಸಾಲು.

ಈ ತಾರೀಕಿಗೆ ನಾನು ತೆತ್ತದ್ದನ್ನು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಯ ಪ್ರವಾಸ ಹೋಯಿತು. ಡಿಗ್ರಿಯ ಒಂದು ಪೇಪರ್ ಆ ದಿನವೇ ಬಂದು ಒಂದು ವರ್ಷ ಹಿಂದೆ ಬಿದ್ದೆ. ನೋಡಲು ಬಂದ ಗಂಡಿನ ಕಡೆಯವರು ಬೀಗದ ಬಾಗಿಲು ತಟ್ಟಿ, ಕಿಟಕಿಯ ಸಂದಿಯಲ್ಲಿ ನನ್ನ ಮೂಗನ್ನಷ್ಟೇ ನೋಡಿ ವಾಪಸ್ ಹೋದರು. (ಮೂಗು ಅವರಿಗೆ ಒಪ್ಪಿಗೆಯಾಗಲಿಲ್ಲವೋ ಏನೋ.) ಇವುಗಳಿಗೆಲ್ಲ ನಾನು ಅಷ್ಟು ಅಳಲಿಲ್ಲ. ಅತ್ತದ್ದು ನಿನ್ನ ಮದುವೆಗೆ. ನೀನು ಬೇಕೆಂದೇ ಆ ದಿನ ಆರಿಸಿದೆ, ರಿಜಿಸ್ಟ್ರಾರ್ ಆಫೀಸಿನಲ್ಲಿ ಬೇರೆ ದಿನವೂ ಇತ್ತು ಎಂದು ಭಾವನೇ ಆಮೇಲೆ ನನಗೆ ಹೇಳಿದರು. ಬರುತ್ತಾರೋ ಇಲ್ಲವೋ ನೋಡಿಯೇ ಬಿಡೋಣ ಎಂದು ನಿನಗನ್ನಿಸಿತ್ತು. ಯಾರೂ ಬರಲಿಲ್ಲ. ನೀನು ಮಾರನೆಯ ದಿನ ಬಂದು ಹೊಸ್ತಿಲ ಹೊರಗೆ ನಿಂತು ಅಪ್ಪನಿಗೆ ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ. "ಅವನನ್ನ ಆ ಲೈಬ್ರರಿ ಕಿಟಕಿ ಹಾಕೋಕೆ ಕಳಿಸಿದ್ದು ನೀವು. ತಪ್ಪು ನಿಮ್ದು. ಅದನ್ನ ಪಾಪ ಒಂದು ತಾರೀಕಿನ ಮೇಲೆ ಯಾಕೆ ಹೊರಿಸ್ತೀರಿ?" ಅಪ್ಪ ಒಂದು ಮಾತೂ ಆಡಲಿಲ್ಲ. ನೀನು ನೋಡದೆ ಹೋದ ಒಂದು ಸಂಗತಿ ಇದೆ. ಹಿಂದಿನ ದಿನ ಅಮ್ಮ ಹೊಸ ಬಟ್ಟೆ ಉಟ್ಟು, ತಲೆ ಬಾಚಿ, ಕೈಗಡಿಯಾರ ಕಟ್ಟಿಕೊಂಡು, ಬೀಗ ಹಾಕಿದ ಮನೆಯೊಳಗೆ ಬೆಳಗಿನಿಂದ ಸಂಜೆವರೆಗೆ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಬಟ್ಟೆ ಸುಕ್ಕಾಗಬಾರದೆಂದು ಬೆನ್ನು ಒರಗಿಸಲೂ ಇಲ್ಲ.

ಈ ಸಲ ನಾನು ಹೋಗುವುದೆಂದು ತೀರ್ಮಾನಿಸಿದೆ. ಜಗಳ ಬೇಡ, ಅವರ ಭಾಷೆಯಲ್ಲೇ ಮಾತಾಡೋಣ ಎನ್ನಿಸಿತು. ಇಪ್ಪತ್ತಾರರಂದು ಅರ್ಧ ದಿನ ರಜೆ ಹಾಕಿ ಅಪ್ಪನ ಹಳೆಯ ಗ್ರಂಥಾಲಯಕ್ಕೆ ಹೋದೆ. ಬಾಗಿಲ ಬಳಿಯ ಆ ಕಪ್ಪು ಹಲಗೆ ನೆನಪಿದೆಯಾ? "ಇತಿಹಾಸದಲ್ಲಿ ಇಂದು" ಎಂದು ದಿನಾ ಬೆಳಿಗ್ಗೆ ಅಪ್ಪ ಮೂರು ಸಾಲು ಬರೆಯುತ್ತಿದ್ದರಲ್ಲ, ಅಣ್ಣ ಹಲಗೆ ಒರೆಸಿಕೊಡುತ್ತಿದ್ದ. ಈಗ ಅದರ ಮೇಲೆ ಚಪ್ಪಲಿ ಹೊರಗೆ ಬಿಡಿ ಎಂದು ಬರೆದಿದ್ದಾರೆ. ಆ ಸಾಲುಗಳನ್ನೆಲ್ಲ ಅಪ್ಪ ಗ್ರಂಥಾಲಯದ ದಿನಚರಿ ಪುಸ್ತಕಕ್ಕೂ ಇಳಿಸುತ್ತಿದ್ದರು. ಅಲ್ಲಿನ ಹೆಂಗಸು ಹುಡುಕಿ, ಧೂಳು ಕೊಡವಿ ಕೊಟ್ಟಳು. ಅಣ್ಣ ಹೋಗುವುದಕ್ಕೆ ಒಂದು ವರ್ಷ ಮೊದಲಿನ ಡಿಸೆಂಬರ್ ಇಪ್ಪತ್ತೆಂಟು ತೆಗೆದೆ. ಅಪ್ಪನದೇ ಅಕ್ಷರ. ಸಾವಿರದ ಎಂಟುನೂರ ತೊಂಬತ್ತೈದರಲ್ಲಿ ಪ್ಯಾರಿಸ್ಸಿನಲ್ಲಿ ಜನ ಟಿಕೆಟ್ ಕೊಂಡು ಚಲಿಸುವ ಚಿತ್ರವನ್ನು ಮೊದಲ ಬಾರಿ ನೋಡಿದ ದಿನ. ಅದೇ ವರ್ಷ, ಅದೇ ದಿನ, ರಾಂಟ್‌ಜನ್ ತನ್ನ ಎಕ್ಸ್‌ರೇ ಕುರಿತ ಮೊದಲ ಬರಹವನ್ನು ಸಲ್ಲಿಸಿದ್ದು. ಅದಕ್ಕೂ ಎಷ್ಟೋ ಹಿಂದೆ, ಸಾವಿರದ ಆರುನೂರ ಹನ್ನೆರಡರಲ್ಲಿ, ಗೆಲಿಲಿಯೋ ದುರ್ಬೀನಿನಲ್ಲಿ ನೆಪ್ಚೂನ್ ಗ್ರಹವನ್ನು ಕಂಡು ಯಾವುದೋ ನಕ್ಷತ್ರವೆಂದು ಗುರುತು ಹಾಕಿಕೊಂಡದ್ದು. ಮೂರನೆಯದರ ಪಕ್ಕ ಅಪ್ಪ ಕಂಸದಲ್ಲಿ "ಮಕ್ಕಳಿಗೆ ಇದನ್ನು ಹೇಳಬೇಕು" ಎಂದು ಬರೆದುಕೊಂಡಿದ್ದರು. ನೋಡಿದೆಯಾ, ಈ ತಾರೀಕಿನ ಒಳ್ಳೆಯದೆಲ್ಲ ಅವರಿಗೆ ಮೊದಲೇ ಗೊತ್ತಿತ್ತು. ನಾನು ಆ ಪುಟವನ್ನು ನಕಲು ಮಾಡಿಕೊಂಡೆ.

ಅಲ್ಲಿಗೆ ಪುಸ್ತಕ ಮುಚ್ಚಿ ಬಂದಿದ್ದರೆ ಈ ಕಾಗದ ಇಷ್ಟು ಉದ್ದವಾಗುತ್ತಿರಲಿಲ್ಲ. ಕೈ ಸುಮ್ಮನಿರಲಿಲ್ಲ, ಮುಂದಿನ ವರ್ಷದ ಪುಸ್ತಕವನ್ನೂ ಕೇಳಿ ತೆಗೆಸಿ ಅದೇ ದಿನವನ್ನು ನೋಡಿದೆ. ಆ ದಿನದ ಪುಟ ಅಪ್ಪನ ಅಕ್ಷರದಲ್ಲಿರಲಿಲ್ಲ. ಸಹಾಯಕರು ಬರೆದಿದ್ದರು: "ಗ್ರಂಥಪಾಲಕರು ಜ್ವರದ ನಿಮಿತ್ತ ರಜೆ. ಮಧ್ಯಾಹ್ನ ಒಂದಕ್ಕೆ ಮುಚ್ಚಿದೆ. ಎಂಟೂ ಕಿಟಕಿ ಭದ್ರಪಡಿಸಿದೆ." ಕೆಳಗೆ ಸಹಿ.

ಎಂಟೂ ಕಿಟಕಿ, ಅಕ್ಕಾ. ಅಣ್ಣ ಮನೆಯಿಂದ ಹೊರಟದ್ದು ಮೂರು ಗಂಟೆಗೆ.

ಹಾಕುವುದಕ್ಕೆ ಅಲ್ಲಿ ಯಾವ ಕಿಟಕಿಯೂ ಉಳಿದಿರಲಿಲ್ಲ. ಹಾಗಾದರೆ ಅಪ್ಪ ಅವನನ್ನು ಕಳಿಸಿರಲಿಲ್ಲ. ಕಳಿಸಿದವರು ಯಾರೆಂದು ನನಗೆ ಗೊತ್ತಿತ್ತು. ಒಂಬತ್ತನೇ ವಯಸ್ಸಿನಿಂದ ಗೊತ್ತಿತ್ತು, ಆದರೆ ಅದರ ಮೇಲೆ ಅಪ್ಪ ಅಷ್ಟು ದಪ್ಪನಾದ ಹೊದಿಕೆ ಹೊದಿಸಿದ್ದರು. ಆ ದಿನ ಬೆಳಿಗ್ಗೆ ಅಣ್ಣ ನನ್ನನ್ನು ಮಕ್ಕಳ ಓದುಕೋಣೆಗೆ ಕರೆದುಕೊಂಡು ಹೋಗಿದ್ದ. ನನ್ನ ಬಣ್ಣದ ಪೆನ್ಸಿಲ್ ಡಬ್ಬಿ ಅಲ್ಲೇ ಉಳಿಯಿತು. ಊಟವಾದ ಮೇಲೆ ನೆನಪಾಗಿ ರಚ್ಚೆ ಹಿಡಿದೆ. ನೀನು ಹಾಸ್ಟೆಲಿನಲ್ಲಿದ್ದೆ, ಅಮ್ಮ ಬಟ್ಟೆ ಒಗೆಯುತ್ತಿದ್ದಳು, ಅಪ್ಪ ಜ್ವರದಲ್ಲಿ ನಿದ್ದೆ ಹೋಗಿದ್ದರು. "ನಾಳೆ ತಂದ್ರಾಯ್ತು ಬಿಡೇ" ಎಂದ ಅಣ್ಣ. ನಾನು ಬಿಡಲಿಲ್ಲ. ಅಪ್ಪನ ಬಳಿಯಿದ್ದ ಗ್ರಂಥಾಲಯದ ಕೀಲಿಯನ್ನು ಗೋಡೆಯ ಮೊಳೆಯಿಂದ ತೆಗೆದು ಅವನ ಕೈಗೆ ತುರುಕಿದವಳು ನಾನು. ಅವನು ನನ್ನ ತಲೆಗೊಂದು ಮೊಟಕಿ ಸೈಕಲ್ ಹತ್ತಿದ.

ಅದೇ ವಾರ ಅಪ್ಪ ನನಗೆ ಹೇಳಿದ್ದು ಇಷ್ಟು. "ನೀನು ಕೇಳೋ ಮುಂಚೆನೇ ನಾನು ಅವನಿಗೆ ಕಿಟಕಿ ಹಾಕಿ ಬಾ ಅಂದಿದ್ದೆ, ಅವನು ಹೇಗಿದ್ರೂ ಹೋಗೋನಿದ್ದ, ನಿನ್ನ ಡಬ್ಬಿಗೂ ಅದಕ್ಕೂ ಸಂಬಂಧ ಇಲ್ಲ." ಊರಿಗೆಲ್ಲ ಹೇಳಿದ್ದೂ ಅದನ್ನೇ, ನಿನಗೂ. ನಾನು ನಂಬಿದೆ. ನಂಬಲು ನನಗೆ ಎಷ್ಟು ಆಸೆಯಿತ್ತು ಎಂದು ಈಗ ಅನ್ನಿಸುತ್ತದೆ.

ಮೊನ್ನೆ ಇಪ್ಪತ್ತೆಂಟರ ಬೆಳಿಗ್ಗೆ ಏಳಕ್ಕೇ ಎದ್ದು ಸಿದ್ಧಳಾದೆ. ತಣ್ಣೀರಲ್ಲಿ ಸ್ನಾನವನ್ನೂ ಮಾಡಿದೆ, ಜಾರಲಿಲ್ಲ. ನಡುಕೋಣೆಗೆ ಬಂದರೆ ಅಪ್ಪ ಕುರ್ಚಿಯನ್ನು ಮುಂಬಾಗಿಲಿಗೆ ಆನಿಸಿಟ್ಟು ಕೂತಿದ್ದರು, ತೊಡೆಯ ಮೇಲೆ ರಿಜಿಸ್ಟರ್. ನನ್ನ ಚೀಲ ನೋಡಿದರು. "ಒಂಬತ್ತೂಕಾಲಿನ ಬಸ್ಸು ಅಪ್ಪಾ" ಎಂದೆ. ಅವರು ಕೂಗಾಡಲಿಲ್ಲ. ಅವರು ಯಾವಾಗ ಕೂಗಾಡಿದ್ದಾರೆ? ಪುಟ ತೆಗೆದು, ಓದುಗರಿಗೆ ವಿಷಯ ಹೇಳುವ ದನಿಯಲ್ಲಿ, ಸೇತುವೆಯಿಂದ ಶುರು ಮಾಡಿದರು. ಸೇತುವೆ ಮುಗಿಯುವವರೆಗೆ ಕೇಳಿದೆ. ಆಮೇಲೆ ನನ್ನ ನಕಲು ತೆಗೆದು ನಾನೂ ಓದಿದೆ. ಸಿನಿಮಾ, ಎಕ್ಸ್‌ರೇ, ನೆಪ್ಚೂನ್. ಕಂಸದಲ್ಲಿದ್ದದ್ದನ್ನೂ ಬಿಡಲಿಲ್ಲ.

"ಗೊತ್ತು. ಬರೆದಿದ್ದು ನಾನೇ ಅಲ್ವಾ" ಎಂದರು.

"ಗೊತ್ತಿದ್ದೂ ಇದರಲ್ಲಿ ಯಾಕೆ ಬರೀಲಿಲ್ಲ?"

ಅವರು ಪುಟ ತಿರುವಿದರು. ಆಗ ನಾನು ಕಿಟಕಿಗಳ ಮಾತೆತ್ತಿದೆ. ಎಂಟೂ ಮುಚ್ಚಿದ್ವಂತೆ ಅಪ್ಪಾ, ಒಂದು ಗಂಟೆಗೇ. ಅವರ ಕೈ ರಿಜಿಸ್ಟರಿನ ಮೇಲೆ ಹಾಗೇ ನಿಂತಿತು. ಆಮೇಲೆ ಮೆಲ್ಲಗೆ, "ಆ ಪುಸ್ತಕ ರದ್ದಿಗೆ ಹಾಕ್ಬೇಕಿತ್ತು. ಸರ್ಕಾರಿ ದಾಖಲೆ ಅಂತ ಮನಸ್ಸು ಬರ್ಲಿಲ್ಲ" ಎಂದರು. ಎಂಥ ಮನುಷ್ಯ ನೋಡು.

ಉಳಿದದ್ದನ್ನು ಅವರ ಮಾತಲ್ಲೇ ಬರೆಯುತ್ತೇನೆ, ನನ್ನ ಕಿವಿಯಲ್ಲಿ ಇನ್ನೂ ಇದೆ. "ನೀನು ಮೂರು ದಿನ ಒಂದು ತುತ್ತು ಮುಟ್ಲಿಲ್ಲ ಗುಬ್ಬಿ. ನಾನೇ ಕೀಲಿ ಕೊಟ್ಟೆ, ನಾನೇ ಕೀಲಿ ಕೊಟ್ಟೆ ಅಂತ ಗೋಡೆ ಕಡೆ ಮುಖ ಮಾಡ್ಕೊಂಡು ಅದೊಂದೇ. ಒಬ್ಬನ್ನ ಕಳ್ಕೊಂಡಾಗಿತ್ತು. ಕಿಟಕಿ ಕಥೆ ಹೇಳಿದೆ, ನೀನು ಅರ್ಧ ನಂಬ್ದೆ. ಇನ್ನೇನು ಹೇಳ್ಬೇಕು ಅಂತ ತೋಚ್ಲಿಲ್ಲ. ಆ ರೈಲಿನ ವಿಷ್ಯ ಹೇಳಿದೆ. ಅದೂ ಇದೇ ದಿನ ಮಗಾ, ಅಂತ. ನೀನು ತಿರುಗಿ ನೋಡ್ದೆ. ಅವ್ರನ್ನ ಯಾರು ಕಳಿಸಿದ್ದು ಅಂತ ಕೇಳ್ದೆ. ಯಾರೂ ಕಳಿಸ್ಲಿಲ್ಲ, ಆ ತಾರೀಕೇ ಹಾಗೆ ಅಂದೆ. ಆವತ್ತು ನೀನು ಎರಡು ತುಂಡು ಬ್ರೆಡ್ ತಿಂದೆ. ಮಾರನೇ ದಿನ ಇನ್ನೊಂದು ಹೇಳು ಅಂದೆ. ನಾನು ಭೂಕಂಪ ಹುಡುಕ್ಕೊಂಡು ಬಂದೆ." ಹೀಗೆ ದಿನಕ್ಕೊಂದು, ಮಗಳು ಉಣ್ಣಲೆಂದು, ಪತ್ರಿಕೆಗಳ ಕೋಣೆಯಲ್ಲಿ ಕೂತು ಆ ಮನುಷ್ಯ ಸತ್ತವರನ್ನು ಹುಡುಕಿದ್ದಾರೆ ಅಕ್ಕಾ. ನಾವು ಹುಚ್ಚು ಎಂದೆವು. ಅಮ್ಮನಿಗೆ ಎಲ್ಲ ಗೊತ್ತಿತ್ತಂತೆ, ಇಬ್ಬರೂ ಸೇರಿಯೇ ತೀರ್ಮಾನಿಸಿದ್ದಂತೆ.

"ಸರಿ ಅಪ್ಪಾ, ಬೀಗ? ಬೀಗ ಯಾಕೆ ಬೇಕಾಯ್ತು?" ಎಂದು ಕೇಳಿದೆ.

ಆಗ ಅವರು ಹೇಳಿದ್ದನ್ನು ಬರೆಯುವ ಮೊದಲು ಪೆನ್ನು ಕೆಳಗಿಟ್ಟು ಎದ್ದು ಹೋಗಿ ನೀರು ಕುಡಿದು ಬಂದೆ. ಮೊದಲ ಸಲ ಬಾಗಿಲು ಹಾಕಿದ್ದು ಅವರಲ್ಲ, ನಾನು. ಮರುವರ್ಷದ ಇಪ್ಪತ್ತೆಂಟು, ಅಪ್ಪ ಕೆಲಸಕ್ಕೆ ಹೊರಟಿದ್ದರಂತೆ. ಹತ್ತು ವರ್ಷದ ನಾನು ಸ್ಟೂಲ್ ಎಳೆದುಕೊಂಡು ಬಂದು ಮೇಲಿನ ಚಿಲಕ ಹಾಕಿ, ಇಳಿದು, ಅವರ ಕಾಲು ತಬ್ಬಿಕೊಂಡು ಯಾರೂ ಹೊರಗೆ ಹೋಗಕೂಡದು ಎಂದೆನಂತೆ. ನನಗೆ ಇದು ಚೂರೂ ನೆನಪಿಲ್ಲ. ಅದರ ಮುಂದಿನ ವರ್ಷವೂ ಹಾಗೇ ಮಾಡಿದೆನಂತೆ. ಮೂರನೇ ವರ್ಷ, ನಾನು ಏಳುವುದರೊಳಗೆ, ಮಗು ಹೆದರದಿರಲಿ ಎಂದು ಅವರೇ ಹಾಕಿಟ್ಟರು.

"ಆಮೇಲಾದ್ರೂ ನಿಲ್ಲಿಸ್ಬಹುದಿತ್ತಲ್ಲ?"

"ನೀನು ಬೇಡ ಅಂತೀಯ ಅಂತ ಕಾದೆ. ನೀನು ಸುಮ್ನೆ ಒಳಗೆ ಬಂದು ಕೂರ್ತಿದ್ದೆ. ಇನ್ನೂ ಬೇಕೇನೋ ಅಂದ್ಕೊಂಡೆ. ಆಮೇಲಾಮೇಲೆ ನಂಗೂ ಹತ್ಕೊಳ್ತು ಗುಬ್ಬಿ. ನಾನೇ ಬರ್ದಿದ್ದಲ್ವಾ, ಓದಿ ಓದಿ ನಂಗೇ ನಿಜ ಅನ್ನಿಸ್ತು."

ನಾನು ಸುಮ್ಮನೆ ಕೂರುತ್ತಿದ್ದದ್ದು ಯಾಕೆ? ಅವರಿಗೆ ಬೇಕು ಎಂದು. ಮಗನನ್ನು ಕಳೆದುಕೊಂಡ ಮನುಷ್ಯ, ವರ್ಷಕ್ಕೊಂದು ದಿನ ತಾನೇ, ಹೋಗಲಿ ಎಂದು. ಪ್ರವಾಸ, ಪೇಪರ್, ನಿನ್ನ ಮದುವೆ, ಎಲ್ಲವನ್ನೂ ನಾನು ಅವರಿಗಾಗಿ ಬಿಟ್ಟೆ ಎಂದುಕೊಂಡಿದ್ದೆ. ಅವರು ನನಗಾಗಿ ಬಿಟ್ಟೆನೆಂದುಕೊಂಡಿದ್ದಾರೆ. ನಿನ್ನ ಮದುವೆಯ ದಿನ ಬಾಗಿಲ ಒಳಗೆ ಮೂರು ಜನ ಕೂತಿದ್ದೆವಲ್ಲ, ಆ ಮೂವರಲ್ಲಿ ಯಾರಾದರೂ ಒಬ್ಬರು ಎದ್ದು "ಹೋಗೋಣ" ಎಂದಿದ್ದರೆ ಸಾಕಿತ್ತು. ರಿಜಿಸ್ಟರನ್ನು ಅವರ ಕೈಯಿಂದ ತೆಗೆದುಕೊಂಡು ನೋಡಿದೆ. ಏಳು ವರ್ಷದ ಹಿಂದಿನ ಜಾಗದಲ್ಲಿ ಹೀಗೆ ಬರೆದಿದ್ದಾರೆ: "ದೊಡ್ಡ ಮಗಳ ಮದುವೆ. ನಾನು ಹೋಗಲಿಲ್ಲ." ಭೂಕಂಪ, ಬಿರುಗಾಳಿಗಳ ಸಾಲಿನಲ್ಲೇ ಇದೆ, ಬೇರೆ ಕಡೆ ಅಲ್ಲ.

ಅಪ್ಪ ಎದ್ದು ಕುರ್ಚಿ ಸರಿಸಿದರು. ಕೀಲಿ ತೆಗೆದರು. ಅದನ್ನು ನನ್ನ ಕೈಗಿಟ್ಟರು, ಬೀಗ ನಾನೇ ತೆಗೆದೆ. ಬಾಗಿಲು ಪೂರ್ತಿ ತೆರೆಯಿತು. ಎಂಟೂಮುಕ್ಕಾಲಾಗಿತ್ತು, ಬಸ್ಸಿಗೆ ಇನ್ನೂ ಸಮಯವಿತ್ತು. ಬಸ್ ಸ್ಟ್ಯಾಂಡ್ ಹತ್ತು ನಿಮಿಷದ ದಾರಿ, ನಿನಗೇ ಗೊತ್ತು. "ಹೋಗು" ಎಂದರು. ನಾನು ಚೀಲ ಎತ್ತಿಕೊಂಡು ಹೊಸ್ತಿಲವರೆಗೆ ಹೋದೆ.

ಅಕ್ಕಾ, ನೀನು ನಗಬೇಡ. ನನಗೆ ಇಳಿಯಲಾಗಲಿಲ್ಲ. ಬೀದಿಯಲ್ಲಿ ಎಲ್ಲ ಎಂದಿನಂತೆಯೇ ಇತ್ತು. ಪೇಪರಿನವನು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ, ಎದುರುಮನೆಯವರು ಚಾಪೆ ಕೊಡವುತ್ತಿದ್ದರು, ಬಿಸಿಲು ಬಿದ್ದಿತ್ತು. ಮೂರು ಮೆಟ್ಟಿಲು. ಇಪ್ಪತ್ತೆರಡು ವರ್ಷದಲ್ಲಿ ಆ ತಾರೀಕಿನ ಬಿಸಿಲನ್ನು ನಾನು ನೋಡಿರಲೇ ಇಲ್ಲ. ಬೀಗ ಹಾಕಿದ್ದಾಗ, ಬೀಗ ಇಲ್ಲದಿದ್ದರೆ ಹಾರಿ ಹೋಗುತ್ತಿದ್ದೆ ಎಂದುಕೊಂಡಿದ್ದೆ. ಒಂಬತ್ತೂಕಾಲಾಯಿತು, ಒಂಬತ್ತೂವರೆಯಾಯಿತು. ಅಪ್ಪ ಹಿಂದಿನಿಂದ ಬಂದು ನನ್ನ ಕೈಯಿಂದ ಚೀಲ ತೆಗೆದು ಕೆಳಗಿಟ್ಟರು. ಇಡೀ ದಿನ ಬಾಗಿಲು ಹಾರು ಹೊಡೆದಿತ್ತು, ನಾವಿಬ್ಬರೂ ಒಳಗೇ ಇದ್ದೆವು.

ಹನ್ನೊಂದಕ್ಕೆ ಮೇಲಿನ ಮನೆಯ ಟೈಲರ್ ಅತ್ತೆ ಇಳಿದು ಬಂದರು. "ಅಯ್ಯೋ, ಇವತ್ತು ಬಾಗಿಲು ತೆಗ್ದಿದೆ! ಯಾರಿಗೇನಾಯ್ತು?" ಎಂದು ಓಡಿಬಂದೇ ಬಿಟ್ಟರು, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು. ಏನೂ ಆಗಿಲ್ಲ ಎಂದರೆ ನಂಬಲೇ ಇಲ್ಲ. ನಮ್ಮಿಬ್ಬರ ಮುಖ ನೋಡಿ, ಗ್ಯಾಸ್ ಹಚ್ಚಿ ಬಿಸಿ ಬಿಸಿ ಟೀ ಮಾಡಿಕೊಟ್ಟರು. ಆ ತಾರೀಕಿನಲ್ಲಿ ಈ ಮನೆಯಲ್ಲಿ ಬಿಸಿಯದನ್ನು ಕುಡಿದದ್ದು ನನಗೆ ನೆನಪಿರುವಂತೆ ಅದೇ ಮೊದಲು. ಅಪ್ಪ ಲೋಟ ಎರಡೂ ಕೈಯಲ್ಲಿ ಹಿಡಿದು ಅಷ್ಟು ಹೊತ್ತು ಕೂತಿದ್ದರು.

ನಿನ್ನೆ ಅಂಗಡಿಗೆ ಹೋಗಿ ಯಜಮಾನರಿಗೆ ಹುಷಾರಿರಲಿಲ್ಲ ಎಂದು ಸುಳ್ಳು ಹೇಳಿದೆ. ಅವರು ಕಣ್ಣಾಸ್ಪತ್ರೆಗೆ ಫೋನ್ ಮಾಡಿ, ನನ್ನನ್ನು ಹೊಗಳಿ ಅಟ್ಟಕ್ಕೇರಿಸಿ, ಜನವರಿ ಎಂಟರವರೆಗೆ ಸಮಯ ಕೇಳಿ ಕೊಡಿಸಿದ್ದಾರೆ. ಟಿಕೆಟ್ ತೆಗೆದಿದ್ದೇನೆ. ನಾನಿದ್ದೀನಲ್ಲ, ನಿಮ್ಮಪ್ಪನ್ನ ನೋಡ್ಕೋತೀನಿ ಎಂದು ಟೈಲರ್ ಅತ್ತೆ ಹೇಳಿದ್ದಾರೆ. ಎಲ್ಲ ಸರಿಯಿದೆ, ಆದರೂ ಹೋಗುತ್ತೇನೆಂದು ನಿನಗೆ ಮಾತು ಕೊಡಲಾರೆ. ಎಂಟನೇ ತಾರೀಕಿಗೆ ಯಾವ ಪಟ್ಟಿಯೂ ಇಲ್ಲ, ಆದರೆ ಮೊನ್ನೆ ನನ್ನನ್ನು ಹಿಡಿದು ನಿಲ್ಲಿಸಿದ್ದು ತಾರೀಕು ಅಲ್ಲ ಎಂದು ನನಗೀಗ ಗೊತ್ತು. ಅಣ್ಣನನ್ನು ಹೊರಗೆ ಕಳಿಸಿದವಳು, ನಾನು ಹೇಗೆ ಹೊರಗೆ ಹೋಗಲಿ?

ಭಾವನಿಗೆ ನನ್ನ ನಮಸ್ಕಾರ. ಪುಟಾಣಿಗೆ, ಆ ಬೋಳು ವಸಡಿಗೇ ಒಂದು ಮುತ್ತು ಕೊಡು. ಹೊಸ ವರ್ಷ ನಿಮ್ಮ ಮನೆಗೆ ನೆಮ್ಮದಿ ತರಲಿ. ಬೆನ್ನು ನೋಡಿಕೋ.

ನಿನ್ನ ತಂಗಿ,
ಗುಬ್ಬಿ

ಮರೆತ ಮಾತು: ಲಕೋಟೆ ಅಂಟಿಸುವಾಗ ಅಪ್ಪ ಬಂದರು. ಯಾರಿಗೆ ಎಂದರು, ನಿನಗೆ ಎಂದೆ. ಏನು ಬರೆದಿದ್ದೇನೆಂದು ಅವರಿಗೆ ತಿಳಿದುಹೋಯಿತು. "ಅವಳಿಗೆ ನಿಜ ಹೇಳ್ಬೇಡ. ನನ್ನ ಮೇಲೆ ಕೋಪ ಮಾಡ್ಕೊಂಡ್ರೆ ಪರ್ವಾಗಿಲ್ಲ, ನಾನಿನ್ನೆಷ್ಟು ದಿನ. ನಿನ್ನ ಮೇಲೆ ಮಾಡ್ಕೊಂಡ್ರೆ? ನಾನು ಹೋದ್ಮೇಲೆ ನಿಂಗೆ ಉಳಿಯೋದು ಅವಳೊಬ್ಬಳೇ" ಎಂದರು. ಏಳು ವರ್ಷ ನಿನ್ನ ಮುಂದೆ ಬಾಯಿ ಬಿಡದೆ ನಿಂತದ್ದು ಇದಕ್ಕೆ. ಆಯ್ತು ಹೇಳಲ್ಲ ಎಂದೆ. ಲಕೋಟೆ ಬಿಚ್ಚಿ ಇದನ್ನೂ ಸೇರಿಸುತ್ತಿದ್ದೇನೆ. ನನ್ನ ಜೊತೆ ಮಾತು ಬಿಟ್ಟರೂ ಪರವಾಗಿಲ್ಲ ಎಂದು ಬರೆಯಹೊರಟೆ, ಬರೆಯಲಾಗಲಿಲ್ಲ ಅಕ್ಕಾ, ಅದು ಸುಳ್ಳು. ಆದರೆ ಅಪ್ಪನಿಗೆ ಎಪ್ಪತ್ತೆರಡಾಯಿತು, ಅವರು ಮೂರು ಹೊತ್ತೂ ಫೋನಿನ ಪಕ್ಕದಲ್ಲೇ ಕೂರುತ್ತಾರೆ, ನಂಬರ್ ಬದಲಾಗಿಲ್ಲ. ಈ ಕಾಗದ ಹರಿದು ಹಾಕುವುದಾದರೆ ಹಾಕು, ಮೊದಲು ಅವರಿಗೊಂದು ಸಲ ಫೋನ್ ಮಾಡಿ ಆಮೇಲೆ ಹರಿ.